ಚಿಕ್ಕವಳ ಹೆಸರು ಬರೆದುಕೊಳ್ಳಿ

ಪೊಲೀಸ್ ತರಬೇತಿ ಕೇಂದ್ರ
ಆಗಸ್ಟ್ ೧೭, ೨೦೨೫

ಪಪ್ಪ,

ಕಾಗದ ನೋಡಿ ನಗಬೇಡಿ. ಏಳನೇ ಕ್ಲಾಸಿನವರೆಗೆ ಕಲಿತ ಕನ್ನಡ ಇಷ್ಟೇ ಉಳಿದಿರುವುದು. ಎಲ್ಲಾದರೂ ಅರ್ಥ ಆಗದಿದ್ದರೆ ಅಮ್ಮನ ಹತ್ತಿರ ಓದಿಸಿಕೊಳ್ಳಿ. ಬೇಡ, ಅಮ್ಮನಿಗೆ ಕೊಡಬೇಡಿ, ನೀವೇ ಕಷ್ಟಪಟ್ಟು ಓದಿ.

ಇಲ್ಲಿ ಮೊಬೈಲ್ ಕೈಗೆ ಸಿಗುವುದು ಭಾನುವಾರ ಮಾತ್ರ. ಅದೂ ಒಂದೇ ವರಾಂಡದಲ್ಲಿ ಎಲ್ಲ ಹುಡುಗಿಯರೂ ಹೆಗಲಿಗೆ ಹೆಗಲು ತಾಗಿಸಿ ನಿಂತು ಮಾತಾಡಬೇಕು. ಒಬ್ಬಳ ಅಳು ಇನ್ನೊಬ್ಬಳ ಫೋನಿನಲ್ಲಿ ಕೇಳುತ್ತದೆ. ಅಲ್ಲಿ ಆಡುವ ಮಾತಲ್ಲ ಇದು, ಅದಕ್ಕೇ ಕಾಗದ. ಕನ್ನಡ ಓದಲು ಇಲ್ಲಿ ಒಬ್ಬರಿಗೂ ಬರುವುದಿಲ್ಲ, ಅದೊಂದು ಧೈರ್ಯ.

ನಾನು ಚೆನ್ನಾಗಿದ್ದೇನೆ. ಕಾಲಿನ ಬೊಬ್ಬೆಗಳು ಒಣಗಿವೆ. ಓಟದಲ್ಲಿ ನಮ್ಮ ಸ್ಕ್ವಾಡಿಗೆ ನಾನೇ ಮೊದಲು. ಬೆಳಿಗ್ಗೆ ಕೊಡುವ ಅವಲಕ್ಕಿ ಪೋಹೆಯನ್ನು ನೀವು ನೋಡಿದರೆ ಅಡುಗೆಯವನ ಕೈ ಹಿಡಿದು ಎರಡು ಮಾತು ಹೇಳದೆ ಬಿಡುವವರಲ್ಲ.

ವಿಷಯ ಇದು. ಕಲ್ಯಾಣದ ಮುರಾರಿ ಅಂತ ಒಬ್ಬ ಹುಡುಗ ಇದ್ದ, ಆಯ್ಕೆ ನಡೆದ ಭರ್ತಿಯ ದಿನ ನಮ್ಮ ಜೊತೆ ಸಾಲಿನಲ್ಲಿ ನಿಂತಿದ್ದನಲ್ಲ, ನೀವು ಅವನಿಗೆ ನೀರು ಕೊಟ್ಟಿರಿ. ಅವನನ್ನು ಮನೆಗೆ ಕಳಿಸಿಬಿಟ್ಟರು. ಕಾಲೇಜಿನಲ್ಲಿದ್ದಾಗ ಗಣಪತಿ ಮೆರವಣಿಗೆಯ ಹೊಡೆದಾಟದಲ್ಲಿ ಅವನ ಹೆಸರು ಸೇರಿತ್ತಂತೆ. ಕೋರ್ಟು ಅವನನ್ನು ಬಿಟ್ಟೂ ಆಗಿತ್ತು. ಬಿಟ್ಟ ಮೇಲೆ ಬರೆಯುವುದೇನು ಅಂದುಕೊಂಡು ಫಾರ್ಮಿನಲ್ಲಿ ಬರೆದಿರಲಿಲ್ಲ. ಚಾರಿತ್ರ್ಯ ಪಡತಾಳಣಿ ಅಂತ ಎಲ್ಲರ ಹಿನ್ನೆಲೆ ವಿಚಾರಿಸುತ್ತಾರೆ, ಅದರ ರಿಪೋರ್ಟು ಬಂತು, ಮಧ್ಯಾಹ್ನ ಟ್ರಂಕು ಹೊತ್ತುಕೊಂಡು ಹೋದ. ಕೇಸಿಗಾಗಿ ಅಲ್ಲ, ಮುಚ್ಚಿಟ್ಟಿದ್ದಕ್ಕೆ ತೆಗೆದದ್ದು ಅಂತ ನಮಗೆ ಡ್ರಿಲ್ ಕಲಿಸುವ ಉಸ್ತಾದರು ಎಲ್ಲರ ಎದುರು ಹೇಳಿದರು.

ನಿಮ್ಮ ಮೇಲೆ ಕೇಸು ಆಗಿತ್ತೇ ಅನ್ನುವ ಆ ಪ್ರಶ್ನೆಯ ಮುಂದೆ ನಾನು 'ನಾಹೀ', ಇಲ್ಲ, ಅಂತ ಬರೆದಿದ್ದೇನೆ. ನೀವು ಪಕ್ಕದಲ್ಲೇ ಕೂತು ಬರೆಸಿದಿರಿ. ನಮ್ಮ ಕಲ್ಯಾಣ ಕೋರ್ಟಿನ ವಿಷಯ ಅದರಲ್ಲಿ ಬರುತ್ತದೆಯೋ ಇಲ್ಲವೋ, ಯಾರಾದರೂ ವಕೀಲರನ್ನು ಕೇಳಿ ಬರೆಯಿರಿ. ನಮ್ಮ ಹೋಟೆಲಿಗೆ ಚಹಾ ಕುಡಿಯಲು ಬರುವವರನ್ನಲ್ಲ, ವಕೀಲರನ್ನು.

ಮಾನಸಿ


ಡೊಂಬಿವಲಿ ಪೂರ್ವ
ಆಗಸ್ಟ್ ೨೫, ೨೦೨೫

ಮಗಳು ಮಾನುವಿಗೆ, ಗಲ್ಲಾದ ಹಿಂದೆ ಕೂತು ಪಪ್ಪ ಬರೆಯುವುದು.

ನಿನ್ನ ಕಾಗದವನ್ನು ಹೋಟೆಲಿನಲ್ಲಿ ಎಲ್ಲರಿಗೂ ತೋರಿಸಿದೆ. ಹೆದರಬೇಡ ಮಾರಾಯ್ತಿ, ಒಳಗಿದ್ದದ್ದನ್ನಲ್ಲ, ಬರೀ ಲಕೋಟೆಯನ್ನು. ಪೊಲೀಸ್ ಮಗಳ ಕಾಗದ ಅಂದರೆ ಸುಮ್ಮನೆಯಾ? ಮೇಲಿನ ಮಹಡಿಯ ಸೂರ್ಯನಾರಾಯಣರು ಈಗ ನನ್ನನ್ನು ಕಂಡರೆ ಲಿಫ್ಟ್ ಹಿಡಿದು ನಿಲ್ಲುತ್ತಾರೆ. ಮೊದಲು ಬಾಗಿಲು ಮುಚ್ಚಿಕೊಂಡು ಹೋಗುತ್ತಿದ್ದ ಜನ!

ಇನ್ನು ನಿನ್ನ ಆ ಕಲ್ಯಾಣದ ಕತೆ. ಅದು ಎಂತದ್ದು, ಹೇಳು ನೋಡುವ. ಬೆಳಗ್ಗಿನ ಫಾಸ್ಟ್ ಲೋಕಲಿನ ಲೇಡೀಸ್ ಡಬ್ಬಿ. ಡೊಂಬಿವಲಿಯಲ್ಲಿ ಹತ್ತುವಾಗ ಬಾಗಿಲಲ್ಲಿ ಜಗಳ ಆಗದ ದಿನ ಉಂಟಾ? ಅವತ್ತು ಒಂದು ಕೈ ಹೆಚ್ಚು ಬೀಸಿತು, ಟಿಫಿನ್ ಇದ್ದ ಚೀಲ ಬಾಗಿಲಲ್ಲಿದ್ದ ಹೆಂಗಸು, ಆ ಭೋಯಿರ್ ಬಾಯಿಯ ಹುಬ್ಬಿಗೆ ತಾಗಿತು, ಹೊಲಿಗೆ ಹಾಕಿದರು. ರೈಲ್ವೆ ಕೋರ್ಟಿನಲ್ಲಿ ಗುನ್ಹಾ ಕಬೂಲ್, ತಪ್ಪು ನಮ್ಮದೇ ಅಂದೆವು, ದಂಡ ಕಟ್ಟಿ ಮನೆಗೆ ಬಂದೆವು. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದವರೂ ಅದೇ ಸಾಲಿನಲ್ಲಿ ನಿಂತಿದ್ದರು. ಇದಕ್ಕೆಲ್ಲ ಕೇಸು ಅಂತ ಹೆಸರಿಟ್ಟರೆ ಈ ಠಾಣೆ ಜಿಲ್ಲೆಯಲ್ಲಿ ಪೊಲೀಸ್ ಆಗುವುದಕ್ಕೆ ಜನವೇ ಸಿಗಲಿಕ್ಕಿಲ್ಲ.

ನೀನು ಓದಿದವಳು, ನನಗಿಂತ ಹೆಚ್ಚು ಗೊತ್ತಿರಬಹುದು. ಆದರೆ ನಾನು ಆಯುಷ್ಯವೆಲ್ಲ ಗಲ್ಲಾದಲ್ಲಿ ಕೂತವನು. ಸಾಂಬಾರಿನಲ್ಲಿ ಕೂದಲು ಅಂತ ಗಿರಾಕಿ ಬೊಬ್ಬೆ ಹಾಕಿದರೆ ಅದು ಯಾರ ತಲೆಯದ್ದು ಅಂತ ಹುಡುಕುತ್ತಾ ಕೂರುತ್ತೇವಾ? ಎಲ್ಲರಿಗಿಂತ ಹೊಸ ವೇಟರನ್ನು ಕರೆದು, ಗಿರಾಕಿಯ ಎದುರು ನಾಲ್ಕು ಬೈದು ಒಳಗೆ ಕಳಿಸುವುದು. ಆಮೇಲೆ ಅವನ ಬೆನ್ನು ತಟ್ಟಿ ಒಂದು ಲೋಟ ಬಾದಾಮ್ ಹಾಲು ಕೊಡಿಸುವುದು. ಗಿರಾಕಿಗೂ ಸಮಾಧಾನ, ಅವನಿಗೂ ಹಾಲು. ಹೋಟೆಲು ನಡೆಯುವುದು ಹೀಗೆ. ನಿನ್ನನ್ನೂ ಅವತ್ತು ಕೋರ್ಟಿನಿಂದ ಸೀದಾ ಕರೆದುಕೊಂಡು ಹೋಗಿ ಫಲೂದಾ ತಿನ್ನಿಸಲಿಲ್ವಾ? ದೊಡ್ಡ ಗ್ಲಾಸಿನಲ್ಲಿ?

ನಾಡಿದ್ದು ಚೌತಿ. ಅಕ್ಕ, ಭಾವ ನೆರೂಳಿನಿಂದ ಬರುತ್ತಾರೆ. ನೀನಿಲ್ಲದ ಮೊದಲ ಚೌತಿ ಅಂತ ಅಮ್ಮ ನಿನ್ನೆಯಿಂದ ಮೂಗು ಎಳೆಯುತ್ತಿದ್ದಾಳೆ. ನೀನು ಓಟದ ಕಡೆ ಗಮನ ಕೊಡು.

ನಿನ್ನ
ಪಪ್ಪ


ಪೊಲೀಸ್ ತರಬೇತಿ ಕೇಂದ್ರ
ಸೆಪ್ಟೆಂಬರ್ ೨೧, ೨೦೨೫

ಪಪ್ಪ,

ವಕೀಲರನ್ನು ನೀವು ಕೇಳಲಿಲ್ಲ. ಬೇಕಾಗಿಲ್ಲ, ನಮಗೇ ಇಲ್ಲಿ ಕಾಯ್ದೆಯ ಕ್ಲಾಸ್ ಆಯಿತು. ನಾನು ಕೈ ಎತ್ತಿ, ನನ್ನ ಗೆಳತಿಯ ವಿಷಯ ಅನ್ನುವ ಹಾಗೆ ಕೇಳಿದೆ. ಕೋರ್ಟಿನಲ್ಲಿ ಗುನ್ಹಾ ಕಬೂಲ್ ಅಂದು ದಂಡ ಕಟ್ಟಿದರೆ ಅದು ಮುಗಿದುಹೋದದ್ದಲ್ಲ, ದೋಷಿ ಅಂತ ಸಾಬೀತಾದದ್ದು. ಮುರಾರಿಯನ್ನಾದರೂ ಕೋರ್ಟು ಬಿಟ್ಟಿತ್ತು. ನನ್ನದು ಅವನದಕ್ಕಿಂತ ಕೆಟ್ಟದ್ದು. ನನಗೆ ಹದಿನೆಂಟು ತುಂಬಿ ಸ್ವಲ್ಪವೇ ದಿನ ಆಗಿತ್ತು ಅನ್ನುವುದು ನಿಮಗೆ ಅವತ್ತು ನೆನಪಿತ್ತಾ?

ಮೊನ್ನೆ ಹಾಜರಿಯ ಹೊತ್ತಿಗೆ ಪ್ರಿನ್ಸಿಪಾಲ್ ಮೇಡಂ ಬಂದು ಹೇಳಿದರು: ಯಾರಾದರೂ ಫಾರ್ಮಿನಲ್ಲಿ ಏನಾದರೂ ಬಿಟ್ಟಿದ್ದರೆ, ರಿಪೋರ್ಟು ಬರುವ ಮೊದಲು ತಾವಾಗಿಯೇ ಬರೆದುಕೊಡಿ, ಅಂಥವರ ವಿಷಯ ಬೇರೆ ರೀತಿಯಲ್ಲಿ ನೋಡೋಣ. ದೀಪಾವಳಿಗೆ ಮುಂಚೆ ಕೊಡಬೇಕು.

ಕೊಡುತ್ತೇನೆ. ಆದರೆ ಏನಂತ ಬರೆಯಲಿ?

ನಿಮ್ಮ ಕಾಗದದಲ್ಲಿ 'ಒಂದು ಕೈ ಹೆಚ್ಚು ಬೀಸಿತು' ಅಂತ ಬರೆದಿದ್ದೀರಿ. ಎಷ್ಟು ಹುಷಾರು ಪಪ್ಪ ನೀವು! ಆ ಕೈ ಅಕ್ಕನದ್ದು. ಭೋಯಿರ್ ಬಾಯಿ ವಿಠ್ಠಲವಾಡಿಯಿಂದ ಬಂದು ಬಾಗಿಲಲ್ಲಿ ನಿಂತಿದ್ದಳು, ಹತ್ತಲು ಬಿಡಲಿಲ್ಲ. ಅಕ್ಕನಿಗೆ ಆಫೀಸಿನಲ್ಲಿ ಲೇಟ್ ಮಾರ್ಕ್ ಬಿದ್ದಾಗಿತ್ತು, ಚೀಲ ಎತ್ತಿ ಬೀಸಿದಳು. ಚೈನ್ ಎಳೆದು ನಮ್ಮನ್ನೆಲ್ಲ ಇಳಿಸಿದರು. ರೈಲ್ವೆ ಪೊಲೀಸ್ ಚೌಕಿಗೆ ನೀವು ಬಂದಿರಿ, ಅಂಗಿಯ ಮೇಲೆ ಇನ್ನೂ ಹೋಟೆಲಿನ ಹಿಟ್ಟು ಇತ್ತು. ನಮ್ಮಿಬ್ಬರನ್ನೂ ನೋಡಿದಿರಿ. ಅಕ್ಕನ ನಿಶ್ಚಿತಾರ್ಥ ಹತ್ತಿರ ಬಂದಿತ್ತು. ಏನಾಯಿತು ಅಂತ ನಮ್ಮನ್ನು ಕೇಳಲೂ ಇಲ್ಲ. "ಚಿಕ್ಕವಳ ಹೆಸರು ಬರೆದುಕೊಳ್ಳಿ ಸಾಹೇಬ್, ಬಚ್ಚೀ ಹೈ, ಗಲತೀ ಹೋ ಗಯೀ" ಅಂದಿರಿ, ಮಗು, ತಪ್ಪಾಗಿಹೋಯಿತು ಅಂತ. ನಾನು ನಿಮ್ಮ ಹೊಸ ವೇಟರ್ ಆದೆ.

ನನಗೆ ಅವತ್ತು ಸಿಟ್ಟೇ ಬರಲಿಲ್ಲ, ಅದು ಈಗ ನನಗೆ ಆಶ್ಚರ್ಯ. ಅಕ್ಕನಿಗೆ ಒಂದು ಉಪಕಾರ ಮಾಡಿದೆ ಅಂತ ಖುಷಿಯೇ ಆಗಿತ್ತು.

ಈಗ ನೋಡಿ. ನಿಜ ಬರೆದರೆ, ಕೋರ್ಟಿಗೆ ಸುಳ್ಳು ಹೇಳಿದೆವು ಅಂತ ನೀವು, ನಾನು, ಅಕ್ಕ ಮೂವರೂ ಸಿಕ್ಕಿಬೀಳುತ್ತೇವೆ, ನನ್ನ ಕೆಲಸವೂ ಹೋಗುತ್ತದೆ. ಸುಮ್ಮನಿದ್ದರೆ ಇವತ್ತಲ್ಲ ನಾಳೆ ಟ್ರಂಕು ಹೊರುವ ಸರದಿ ನನ್ನದು. ಉಳಿದದ್ದು ಒಂದೇ: ನಾನೇ ಹೊಡೆದೆ, ಮುಚ್ಚಿಟ್ಟೆ, ಕ್ಷಮಿಸಿ ಅಂತ ಬರೆಯುವುದು. ನಿಜ ಹೇಳಿ ಅಂತ ಕೊಟ್ಟ ಅವಕಾಶದಲ್ಲಿ ಸುಳ್ಳನ್ನೇ ತುಂಬಬೇಕು. ಬೇರೆ ದಾರಿ ಇದ್ದರೆ ಹೇಳಿ. ತಮಾಷೆ ಮಾಡದೆ ಹೇಳಿ.

ಮಾನಸಿ


ನೆರೂಳ್, ನವೀ ಮುಂಬಯಿ
ಅಕ್ಟೋಬರ್ ೨, ೨೦೨೫

ಮಾನು,

ಪಪ್ಪ ಫೋನ್ ಮಾಡಿ ನಿನ್ನ ಕಾಗದ ಓದಿ ಹೇಳಿದರು. ನಿನ್ನ ಭಾವ ಲತೀಶ್ ಪಕ್ಕದಲ್ಲೇ ಇದ್ದರು, ನಾನು ಸುಮ್ಮನೆ ಹೂಂ ಹೂಂ ಅಂದೆ.

ನಿನಗೆ ನನ್ನ ಮೇಲೆ ಸಿಟ್ಟಿರಬಹುದು. ಇರಲಿ. ಆದರೆ ನಾನು ಪಪ್ಪನ ಹತ್ತಿರ ಹಾಗೆ ಹೇಳಿ ಅಂತ ಕೇಳಿದ್ದೇನಾ? ಬೇಡ ಅನ್ನಲಿಲ್ಲ, ಅಷ್ಟೇ. ಹೆದರಿಹೋಗಿದ್ದೆ ಮಾನು. ಆಮೇಲೆ ಎಲ್ಲ ಮುಗಿದುಹೋಗಿತ್ತು, ಹೇಳುವುದಕ್ಕೆ ಹೊತ್ತೇ ಸಿಗಲಿಲ್ಲ.

ಈ ಮನೆಯಲ್ಲಿ ಎಲ್ಲರಿಗೂ ಗೊತ್ತು, ರೈಲಿನಲ್ಲಿ ಹೊಡೆದಾಡಿದವಳು ನನ್ನ ತಂಗಿ ಅಂತ. ಲತೀಶ್ ನಿನ್ನನ್ನು ಬಾಕ್ಸರ್ ಅಂತಲೇ ಕರೆಯುವುದು. ನಿನ್ನ ಸೆಲೆಕ್ಷನ್ ಆದಾಗ ಅತ್ತೆ, "ಅವಳಿಗೆ ಸರಿಯಾದ ಕೆಲಸವೇ ಸಿಕ್ಕಿತು" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಇನ್ನು ಈಗ ಹೋಗಿ ಅದು ನಾನು ಅಂದರೆ, ಹೊಡೆದದ್ದಕ್ಕಿಂತ ಇಷ್ಟು ವರ್ಷ ನಕ್ಕದ್ದಕ್ಕೆ ಅವರು ನನ್ನನ್ನು ಬಿಡಲಿಕ್ಕಿಲ್ಲ.

ನೀನು ಏನು ಬರೆಯಬೇಕು ಅಂತ ನಾನು ಹೇಳುವುದಿಲ್ಲ. ಹೇಳುವ ಮುಖ ಇಲ್ಲ. ಆದರೆ ಬರೆಯುವ ಮೊದಲು ಒಂದು ಸಲ ನನ್ನನ್ನು ನೆನಪು ಮಾಡಿಕೋ. ಈ ಕಾಗದ ಹರಿದುಹಾಕು.

ಅಪರ್ಣಾ


ಪೊಲೀಸ್ ತರಬೇತಿ ಕೇಂದ್ರ
ಅಕ್ಟೋಬರ್ ೧೨, ೨೦೨೫

ಪಪ್ಪ,

ಬರೆದುಕೊಟ್ಟೆ. ನಾನೇ ಹೊಡೆದೆ ಅಂತ.

ಮೇಡಂ ಒಳಗೆ ಕರೆದು ಕೂರಿಸಿದರು. ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು. ಹೇಗೆ ನಡೆಯಿತು ಅಂತ ನಿಧಾನಕ್ಕೆ ಕೇಳಿದರು. ಹೊಡೆಯುವಾಗ ನಿನಗೆ ಏನನ್ನಿಸಿತು ಅಂದರು. ಏನು ಹೇಳಲಿ? ಅಕ್ಕನ ಅವತ್ತಿನ ಮುಖ ನೆನಪು ಮಾಡಿಕೊಂಡು, ಅದರಲ್ಲಿ ಕಂಡದ್ದನ್ನೆಲ್ಲ ನನ್ನದು ಅಂತ ಹೇಳಿದೆ. ಹೇಳುತ್ತಾ ಹೇಳುತ್ತಾ ಅಳು ಬಂತು. ಪಶ್ಚಾತ್ತಾಪ ಅಂದುಕೊಂಡು ಅವರು ನೀರು ತರಿಸಿಕೊಟ್ಟರು.

"ನೀನಾಗಿ ಬಂದು ಹೇಳಿದ್ದಿ, ಅದು ದೊಡ್ಡದು" ಅಂದರು. ವಯಸ್ಸು ಚಿಕ್ಕದಿತ್ತು, ಗಾಯವೂ ದೊಡ್ಡದಲ್ಲ. ಪೆಟ್ಟು ತಿಂದ ಹೆಂಗಸಿನ ಹತ್ತಿರ ಒಬ್ಬರನ್ನು ಕಳಿಸಿ ಹೇಳಿಕೆ ತರಿಸುತ್ತಾರಂತೆ. ಅವಳ ತಕರಾರು ಇಲ್ಲದಿದ್ದರೆ ಮೇಲಿನವರಿಗೆ ನನ್ನ ಪರವಾಗಿ ಬರೆಯುತ್ತಾರಂತೆ.

ಪಪ್ಪ, ನಿಮ್ಮ ಸ್ವಭಾವ ನನಗೆ ಗೊತ್ತು. ಭೋಯಿರ್ ಬಾಯಿಯ ಮನೆಗೆ ನೀವು ಹೋಗಬೇಡಿ. ದಯವಿಟ್ಟು ಹೋಗಬೇಡಿ.

ಮಾನಸಿ


ಡೊಂಬಿವಲಿ ಪೂರ್ವ
ಅಕ್ಟೋಬರ್ ೨೬, ೨೦೨೫

ಮಾನು,

ಹೋದೆ. ನೀನು ಬೇಡ ಅಂದಿದ್ದೆ, ಆದರೂ ಹೋದೆ. ದೀಪಾವಳಿ ಅಲ್ವಾ, ಒಂದು ಡಬ್ಬಿ ಮಿಠಾಯಿ ಹಿಡಿದುಕೊಂಡು ವಿಠ್ಠಲವಾಡಿಯಲ್ಲಿ ಇಳಿದೆ. ನಾಲ್ಕು ಒಳ್ಳೆಯ ಮಾತು ಆಡಿದರೆ ಎಂಥವರೂ ಕರಗುತ್ತಾರೆ ಅಂತ ಈ ಜನ್ಮವಿಡೀ ನಂಬಿಕೊಂಡು ಬಂದವನು ನಾನು.

ಬಾಯಿ ಒಳಗೆ ಕರೆದಳು, ಕೂರಿಸಿದಳು, ಚಹಾ ಮಾಡಿದಳು. ಹುಬ್ಬಿನ ಮೇಲೆ ಬಿಳಿ ಗೆರೆ ಇನ್ನೂ ಉಂಟು. ನಾನು ಮಗಳ ಕೆಲಸದ ವಿಷಯ ಎಲ್ಲ ಹೇಳಿ, ಪೊಲೀಸರು ಬಂದರೆ ಚಿಕ್ಕವಳನ್ನು ಮಾಫ್ ಮಾಡಿದ್ದೇನೆ ಅಂತ ಹೇಳಿ ತಾಯಿ ಅಂದೆ. ಅವಳು ನನ್ನನ್ನು ನೋಡಿದಳು ಮಾನು. ಆಮೇಲೆ ಹೇಳಿದಳು: "ಚಿಕ್ಕವಳನ್ನು ಮಾಫ್ ಮಾಡುವುದು ಯಾತಕ್ಕೆ? ಹೊಡೆದವಳು ದೊಡ್ಡವಳು. ಚಿಕ್ಕವಳು ತನ್ನ ಹೆಗಲ ಮೇಲಿನ ಓಢಣಿ ತೆಗೆದು ನನ್ನ ಹಣೆಗೆ ಒತ್ತಿ ಹಿಡಿದಳು. ಅರೇ ಭಾವೂ, ನನ್ನ ರಕ್ತ ನಿಲ್ಲಿಸಿದವಳನ್ನೇ ನೀನು ಪೊಲೀಸರ ಕೈಗೆ ಕೊಟ್ಟೆಯಾ?"

ನೀನು ಓಢಣಿ ಒತ್ತಿ ಹಿಡಿದದ್ದು ನನಗೆ ಗೊತ್ತೇ ಇರಲಿಲ್ಲ. ನೀನು ಒಂದು ದಿನವೂ ಹೇಳಲಿಲ್ಲ.

ಅವತ್ತು ಅವಳಿಗೆ ತಲೆ ಸುತ್ತುತ್ತಿತ್ತಂತೆ, ಆಸ್ಪತ್ರೆಯಿಂದ ಮನೆಗೆ ಹೋದರೆ ಸಾಕಾಗಿತ್ತಂತೆ. ಯಾರ ಹೆಸರು ಬರೆದರು ಅಂತ ಗೊತ್ತಾದದ್ದು ಆಮೇಲೆ. "ಈಗ ಯಾರಾದರೂ ಕೇಳಲಿ, ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಆ ಪೋರಿಗೆ ಒಳ್ಳೆಯದಾಗಲಿ" ಅಂದಳು. ಬೇಡ ಬಾಯಿ, ನೀವು ನಿಜ ಹೇಳಿದರೆ ಅವಳು ಮುಳುಗುತ್ತಾಳೆ ಅಂತ ಹೇಗೆ ಹೇಳುವುದು? ಕೈ ಮುಗಿದೆ. ಏನೇನೋ ಹೇಳಿದೆ. ಅವಳಿಗೆ ಅರ್ಥವಾಗಲಿಲ್ಲ. ಮಿಠಾಯಿ ಡಬ್ಬಿಯನ್ನು ವಾಪಸ್ ನನ್ನ ಕೈಗೇ ಕೊಟ್ಟಳು. ಬರುವಾಗ ಬಾಗಿಲಲ್ಲಿ ನಿಂತು, "ಇಬ್ಬರು ಮಕ್ಕಳಲ್ಲಿ ಯಾರನ್ನು ಕೊಡುವುದು ಅಂತ ನಿನಗೆ ಅಷ್ಟು ಬೇಗ ಹೇಗೆ ಗೊತ್ತಾಯಿತು?" ಅಂದಳು.

ಸ್ಟೇಷನ್ನಿನಲ್ಲಿ ಗಾಡಿಗಳು ಬಂದು ಹೋದವು, ನನಗೆ ಹತ್ತಲು ಆಗಲಿಲ್ಲ. ಅಲ್ಲೇ ಬೆಂಚಿನ ಮೇಲೆ ಕೂತು ಅತ್ತೆ ಮಗಳೇ. ಜನ ನೋಡಿದರೆ ನೋಡಲಿ.

ನಾನು ಅಲ್ಲಿಗೆ ಬರುತ್ತೇನೆ. ಮೇಡಂ ಎದುರು ನಿಂತು ಹೇಳುತ್ತೇನೆ: ತಪ್ಪು ಇವಳದ್ದಲ್ಲ, ಸುಳ್ಳು ಹೇಳಿಸಿದವನು ನಾನು, ಬೇಕಾದರೆ ನನ್ನನ್ನು ಒಳಗೆ ಹಾಕಿ. ಅಪರ್ಣಾಳಿಗೆ ಆಗುವುದು ಆಗಲಿ. ಅಮ್ಮನಿಗೂ ಹೇಳಿದ್ದೇನೆ. ಊರಿನ ದೈವದ ಆಣೆ, ಈ ಸಲ ನಿನ್ನನ್ನು ಮುಂದೆ ದೂಡುವುದಿಲ್ಲ.

ನಿನ್ನ
ಪಪ್ಪ


ಪೊಲೀಸ್ ತರಬೇತಿ ಕೇಂದ್ರ
ನವೆಂಬರ್ ೧೬, ೨೦೨೫

ಪಪ್ಪ,

ಮನೆಗೆ ಸುಖವಾಗಿ ತಲುಪಿದಿರಿ ಅಂತ ಅಮ್ಮ ಇವತ್ತು ಫೋನಿನಲ್ಲಿ ಹೇಳಿದರು. ನಿಮಗೆ ಜ್ವರ ಅಂತಲೂ ಹೇಳಿದರು. ಗುಳಿಗೆ ತೆಗೆದುಕೊಳ್ಳಿ.

ನೀವು ಇಲ್ಲಿಗೆ ಬಂದಿದ್ದ ಗುರುವಾರದ ವಿಷಯ ವರಾಂಡದಲ್ಲಿ ಮಾತಾಡಲು ಆಗಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಮೇಡಂ ಕೋಣೆಯಲ್ಲಿ ನಾನು ಸಾವಧಾನದಲ್ಲಿ, ಅಂದರೆ ಅಟೆನ್ಷನ್‌ನಲ್ಲಿ ನಿಂತಿದ್ದೆ, ತಲೆ ತಿರುಗಿಸುವಂತಿಲ್ಲ. ನೀವು ನನ್ನ ಪಕ್ಕದಲ್ಲಿ ಕೂತಿದ್ದರೂ ನಿಮ್ಮ ಮುಖ ಕಾಣುತ್ತಿರಲಿಲ್ಲ, ಉಸಿರು ಮಾತ್ರ ಕೇಳುತ್ತಿತ್ತು. ಮೇಡಂ ಭೋಯಿರ್ ಬಾಯಿಯ ಹೇಳಿಕೆಯನ್ನು ಗಟ್ಟಿಯಾಗಿ ಓದಿದರು. ಹೊಡೆದವಳು ಈ ಹುಡುಗಿ ಅಲ್ಲ ಅಂತ ಅವಳು ಹೇಳಿದ್ದಾಳೆ, ಹಾಗಾದರೆ ಯಾರು ಅಂತ ನಿಮ್ಮನ್ನೇ ಕೇಳಿದರು.

ಹೇಳುತ್ತೀರಿ ಅಂತಲೇ ನಾನು ಕಾದೆ. ಹೆದರಿಕೆ ಆಗಿತ್ತು, ಆದರೆ ಅದಕ್ಕಿಂತ ಹೆಚ್ಚು ಆಸೆ ಆಗಿತ್ತು. ಕೆಲಸ ಹೋದರೂ ಹೋಗಲಿ, ಒಂದು ಸಲ ನಿಮ್ಮ ಬಾಯಿಂದ ಕೇಳಿದರೆ ಸಾಕು ಅನ್ನಿಸಿತ್ತು. "ಮೇಡಂ, ಅದು..." ಅಂದಿರಿ. ಆಮೇಲೆ, "ಅದು ಇವಳೇ ಮೇಡಂ. ಆ ಬಾಯಿಗೆ ವಯಸ್ಸಾಯಿತು, ರಕ್ತ ಕಣ್ಣಿಗೆ ಇಳಿದಿತ್ತು, ಅವಳಿಗೆ ನೆನಪಿಲ್ಲ" ಅಂದಿರಿ.

ಮೇಡಂ ನನ್ನನ್ನು ಕೇಳಿದರು. "ಹೋ ಮೇಡಂ, ಮೀಚ್" ಅಂದೆ, ಹೌದು, ನಾನೇ ಅಂತ.

ನೀವು ಹಾಗೆ ಹೇಳಿದ್ದು ಅಕ್ಕನನ್ನು ಉಳಿಸುವುದಕ್ಕೋ, ನನ್ನ ಕೆಲಸ ಉಳಿಸುವುದಕ್ಕೋ ಅಂತ ರಾತ್ರಿಯೆಲ್ಲ ಯೋಚಿಸಿದೆ. ನಿಮಗೂ ಗೊತ್ತಿರಲಿಕ್ಕಿಲ್ಲ. ಕೆಲಸವಂತೂ ಉಳಿಯಿತು. ಇನ್ನು ಮುಂದೆ ಜಾಗ್ರತೆ ಅಂತ ತಾಕೀತು ಮಾಡಿ ಬಿಟ್ಟಿದ್ದಾರೆ. ಹೊರಗೆ ಬಂದಾಗ ನೀವು ನನ್ನ ತಲೆಯ ಮೇಲೆ ಕೈಯಿಟ್ಟು, "ಕ್ಯಾಂಟೀನಿನಲ್ಲಿ ಏನಾದರೂ ತಿನ್ನುವ, ಬಾ" ಅಂದಿರಲ್ಲ, ಆಗ ನನಗೆ ನಿಮ್ಮ ಮೇಲೆ ಬಂದಷ್ಟು ಸಿಟ್ಟು ಬೇರೆ ಯಾರ ಮೇಲೂ ಯಾವತ್ತೂ ಬಂದಿಲ್ಲ. ಆದರೂ ಬಂದು ಕೂತು ತಿಂದೆ. ನಿಮ್ಮೊಬ್ಬರನ್ನೇ ಬಿಟ್ಟು ಹೋಗಲು ಆಗಲಿಲ್ಲ.

ಭೋಯಿರ್ ಬಾಯಿ ನನಗೆ ಒಳ್ಳೆಯದಾಗಲಿ ಅಂತ ನಿಜ ಹೇಳಿದಳು. ಅವಳ ಹೇಳಿಕೆ ನಂಬುವಂತಿಲ್ಲ ಅಂತ ಈಗ ಫೈಲಿನಲ್ಲಿ ಬರೆದಿದೆ. ಖಾಕಿ ಹಾಕಿಕೊಂಡು ನಾನು ಮಾಡಿದ ಮೊದಲ ಕೆಲಸ ಅದು, ಪಪ್ಪ. ಪೆಟ್ಟು ತಿಂದವಳನ್ನು ಸುಳ್ಳಿ ಮಾಡಿದ್ದು.

ನಿನ್ನೆ ಕ್ಲಾಸಿನಲ್ಲಿ ಹೆಂಗಸರ ದೂರು ಬರೆದುಕೊಳ್ಳುವುದು ಹೇಗೆ ಅಂತ ಕಲಿಸಿದರು. ಮೇಡಂ ನನ್ನ ವಿಷಯ ಎಲ್ಲರಿಗೂ ಹೇಳಿದ್ದಾರೆ, ತಾನಾಗಿ ಬಂದು ನಿಜ ಒಪ್ಪಿಕೊಂಡ ಹುಡುಗಿ ಅಂತ. ಅದಕ್ಕೆ ಪಾಠ ಮಾಡುವ ಸರ್ ನನ್ನನ್ನೇ ಮುಂದೆ ಕರೆದು ನಿಲ್ಲಿಸಿದರು. ದೂರು ಕೊಡಲು ಒಬ್ಬಳು ಬಂದಿದ್ದಾಳೆ, ಮೊದಲು ಏನು ಮಾಡುತ್ತಿ ಅಂತ ಕೇಳಿದರು. ಕೂರಿಸಿ, ನೀರು ಕೊಟ್ಟು, ಅವಳು ಹೇಳುವುದನ್ನು ನಂಬಿ ಕೇಳುತ್ತೇನೆ ಸರ್ ಅಂದೆ. ಎಲ್ಲರೂ ಅದನ್ನು ಬರೆದುಕೊಂಡರು.

ಕೊನೆಯ ಪರೇಡಿಗೆ ಮನೆಯವರನ್ನು ಕರೆಯಬೇಕಂತೆ, ಹೆಸರು ಕೇಳಿದ್ದಾರೆ. ನಿಮ್ಮದು, ಅಮ್ಮನದು, ಅಕ್ಕ-ಭಾವನದು ಕೊಟ್ಟಿದ್ದೇನೆ. ಅಕ್ಕನನ್ನು ಕರೆದುಕೊಂಡೇ ಬನ್ನಿ. ಅವಳು ಬರದಿದ್ದರೆ ಯಾಕೆ ಬರಲಿಲ್ಲ ಅಂತ ಲತೀಶ್ ಭಾವ ಕೇಳುತ್ತಾರೆ.

ನಿಮ್ಮ ಚಿಕ್ಕ ಮಗಳು
ಮಾನಸಿ